ಓದುಗರ ಪ್ರಶ್ನೆ: ಓಣಿಯಲ್ಲಿ ತತ್ತ್ವಶಾಸ್ತ್ರ

ಪ್ರಶ್ನೆ: ನಮ್ಮ ಓಣಿಯಲ್ಲಿ ವಾರಕ್ಕೊಮ್ಮೆ ತತ್ತ್ವಶಾಸ್ತ್ರದ ಮಾತುಕತೆ ನಡೆಸುವ ಆಸೆಯಿದೆ. ‘ಅದೆಲ್ಲ ಓದಿದವರಿಗೆ’ ಎನ್ನುತ್ತಾರೆ ಹಿರಿಯರು. ಹೇಗೆ ಆರಂಭಿಸಲಿ?
— ಓದುಗರೊಬ್ಬರು, ಹರಿಹರ

ಉತ್ತರ: ಭಾಷಣಕಾರರನ್ನು ಕರೆಸಲೇಬೇಡಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬಳಿ ನಾವು ಮೊದಲ ಸಲ ಕುಳಿತಾಗ ನನ್ನ ಟಿಪ್ಪಣಿಗಳು ಚೀಲದಲ್ಲೇ ಉಳಿದವು. ಮಂಡಕ್ಕಿ ಮಾರುವ ತಾಯಿಯೊಬ್ಬರು ಸೇರು ಹಿಡಿದು ತೋರಿಸಿದರು: ಮೆಲ್ಲಗೆ ಸುರಿದರೆ ಬೇಗ ತುಂಬುತ್ತದೆ, ನೆಲಕ್ಕೆ ಎರಡು ಸಲ ಕುಟ್ಟಿದರೆ ಅಂಚಿನಿಂದ ಎರಡು ಬೆರಳು ಇಳಿಯುತ್ತದೆ. ‘ಎರಡೂ ಒಂದು ಸೇರೇ. ಯಾವುದು ನ್ಯಾಯ, ಮೇಷ್ಟ್ರೇ?’ ಒಂದೂವರೆ ಗಂಟೆ ಯಾರೂ ಏಳಲಿಲ್ಲ. ಅಕ್ಕಿ ಆಯ್ದು ಬದುಕಿದ ಶರಣ ಮಾರಯ್ಯನಿಗೆ, ಹೆಚ್ಚಾಗಿ ತಂದದ್ದನ್ನು ಅಲ್ಲೇ ಸುರಿದು ಬಾ ಎಂದ ಹೆಂಡತಿ ಲಕ್ಕಮ್ಮನ ಕಥೆ ತಾನಾಗಿಯೇ ಬಂತು. 12ನೆಯ ಶತಮಾನದಲ್ಲಿ ಅಂಬಿಗರೂ ಮಡಿವಾಳರೂ ವಚನ ಬರೆದ ನಾಡಿದು. ‘ಓದಿದವರಿಗೆ’ ಎಂಬ ಮಾತು ಕೇಳಿದರೆ ನನಗೆ ನೋವಾಗುತ್ತದೆ. 1992ರಲ್ಲಿ ಪ್ಯಾರಿಸ್ಸಿನ ತತ್ತ್ವಶಾಸ್ತ್ರಜ್ಞ ಮಾರ್ಕ್ ಸೋಟೆ ಕೂಡ ಇಂಥ ಭಾನುವಾರದ ಚರ್ಚೆಯನ್ನು ಕಾಫಿ ಅಂಗಡಿಯಲ್ಲೇ ಶುರುಮಾಡಿದರು.

ಒಂದು ಎಚ್ಚರ. ವಚನ ಹೇಳಿ ಬಾಯಿ ಮುಚ್ಚಿಸುವವರು ಬರುತ್ತಾರೆ. ‘ನಿಮ್ಮ ಅಂಗಡಿಯದೇ ಒಂದು ಉದಾಹರಣೆ ಕೊಡಿ’ ಎಂದು ಅವರನ್ನು ಪ್ರೀತಿಯಿಂದಲೇ ಕೇಳಿ. ಹತ್ತು ಜನ ಸಾಕು. ಚಾಪೆ ಹಾಸಿ, ಚಹಾ ಇರಲಿ, ಈ ಭಾನುವಾರವೇ ಕುಳಿತುಕೊಳ್ಳಿ.