12004 ತೆರೆಸಿದ್ದೀರಾ?

ಸರ್, ಎರಡು ಮೇನ್‌ಫ್ರೇಮ್‌ಗಳ ನಡುವೆ ರಾತ್ರಿಯ ಫೈಲ್ ಹೋಗುತ್ತಿಲ್ಲ, ಬ್ಯಾಂಡ್‌ವಿಡ್ತ್ ಜಾಸ್ತಿ ಮಾಡಿಸಲಾ ಅಂತ ಕೇಳಿದ್ದೀರಿ. ಮಾಡಿಸಲು ಹೋಗಬೇಡಿ, ಸುಮ್ನೆ ದುಡ್ಡು ದಂಡ. ಇಇ (ಎಂಟರ್‌ಪ್ರೈಸ್ ಎಕ್ಸ್‌ಟೆಂಡರ್, ಮೇನ್‌ಫ್ರೇಮ್‌ನ ಹಳೆಯ ಎಸ್‌ಎನ್‌ಎ ನೆಟ್‌ವರ್ಕನ್ನು ಐಪಿ ಮೇಲೆ ಓಡಿಸುವುದು) ಲಿಂಕ್ ಆಕ್ಟಿವ್ ಇದೆ, ಆನ್‌ಲೈನ್ ಕೆಲಸದ ಸಿಐಸಿಎಸ್ ಸ್ಕ್ರೀನ್ ಬರುತ್ತಿದೆ, ರಾತ್ರಿ ಫೈಲ್ ಕಳಿಸುವ ಎನ್‌ಡಿಎಂ ಮಾತ್ರ ಶುರುವಾಗುವುದೇ ಇಲ್ಲ, ಫೈರ್‌ವಾಲ್‌ನಲ್ಲಿ ಯುಡಿಪಿ ಪೋರ್ಟ್ 12000ದಿಂದ 12003 ತೆರೆಸಿದ್ದೇವೆ ಅಂತ ನೀವೇ ಬರೆದಿದ್ದೀರಲ್ಲ. 12004 ಎಲ್ಲಿ?

ನಾನೂ ಇದನ್ನೇ ಮಾಡಿದ್ದೆ. ಒಂದು ಸ್ಕ್ರೀನ್‌ನಿಂದ ಲಾಗಾನ್ ಆಯಿತು, ಚೇಂಜ್ ಮುಗಿಯಿತು ಅಂತ ಸಹಿ ಹಾಕಿ ಮನೆಗೆ ಹೋದೆ. ಆಮೇಲೆ ಮೂರು ರಾತ್ರಿ ವಿಟ್ಯಾಮ್ (ಮೇನ್‌ಫ್ರೇಮ್‌ನ ನೆಟ್‌ವರ್ಕ್ ಸಾಫ್ಟ್‌ವೇರ್) ಟ್ರೇಸ್ ನೋಡುತ್ತಾ, ನೆಟ್‌ವರ್ಕ್‌ನವರ ಜೊತೆ ಜಗಳ ಆಡುತ್ತಾ ಕೂತೆ. 12000 ಬರೀ ಎಕ್ಸ್‌ಐಡಿ (ಎರಡು ತುದಿಗಳ ಪರಿಚಯ), ಟೆಸ್ಟ್ ಇಂಥವಕ್ಕೆ, ಅದೊಂದಿದ್ದರೆ ಲಿಂಕ್ ಆಕ್ಟಿವ್ ಕಾಣುತ್ತದೆ. ಉಳಿದವು ಆದ್ಯತೆಯ ಪ್ರಕಾರ: 12001 ನೆಟ್‌ವರ್ಕ್, ಆಮೇಲೆ ಹೈ, ಮೀಡಿಯಂ, ಕೊನೆಗೆ 12004 ಲೋ. ನಮ್ಮ ಎನ್‌ಡಿಎಂ ಮೋಡ್ #ಬ್ಯಾಚ್, ಅಂದರೆ ಲೋ. ಸ್ಕ್ರೀನ್ ನೋಡಿ ಟೆಸ್ಟ್ ಆಯಿತು ಅನ್ನುವುದನ್ನು ದಯವಿಟ್ಟು ಬಿಡಿ.

ಡಿ ನೆಟ್,ಇಇಡಯಾಗ್,ಟೆಸ್ಟ್=ಯೆಸ್ ಅನ್ನುವ ವಿಟ್ಯಾಮ್ ಕಮಾಂಡ್ ಹಾಕಿ, ಐದೂ ಪೋರ್ಟನ್ನು ಹಾಪ್ ಹಾಪ್ ಆಗಿ ತೋರಿಸುತ್ತದೆ. ಎರಡೂ ತುದಿಯಿಂದ ಹಾಕಬೇಕು, ಒಂದೇ ಕಡೆಯಿಂದ ನೋಡಿದರೆ ಅರ್ಧ ಕೆಲಸ. ದಾರಿಯಲ್ಲಿ ಐಸಿಎಂಪಿ (ರೂಟರ್‌ಗಳು ಕಳಿಸುವ ಉತ್ತರ) ತಡೆದಿದ್ದರೆ ನಡುವಿನ ಹಾಪ್‌ಗಳು ಕಾಣುವುದಿಲ್ಲ, ಅದಕ್ಕೆ ಗಾಬರಿ ಬೇಡ. ಫೈರ್‌ವಾಲ್ ರೂಲ್ ಕೂಡ ಎರಡೂ ದಿಕ್ಕಿಗೆ ಇರಲಿ. ಲಿಂಕ್ ಜೀವಂತ ಇದೆಯಾ ಅಂತ ನೋಡುವ ಎಲ್‌ಡಿಎಲ್‌ಸಿ ಟೆಸ್ಟ್ ಓಡುವುದು 12000ದಲ್ಲಿ ಮಾತ್ರ, ಉಳಿದ ಪೋರ್ಟ್ ಸುಮ್ಮನಿದ್ದಾಗ ಫೈರ್‌ವಾಲ್ ಆ ಸಂಪರ್ಕವನ್ನು ಮರೆತುಬಿಡಬಹುದು. ಪೋರ್ಟ್ ನಂಬರ್ ಬದಲಿಸುವ ನ್ಯಾಟ್ (ವಿಳಾಸ ಬದಲಾವಣೆ) ಅಂತೂ ಬೇಡವೇ ಬೇಡ.

ಕೆಳಗೆ ಒಬ್ಬರು ಇಇ ಬದಲು ಡಿಎಲ್‌ಎಸ್‌ಡಬ್ಲ್ಯೂ (ರೂಟರ್‌ಗಳೇ ಎಸ್‌ಎನ್‌ಎಯನ್ನು ಐಪಿ ಮೇಲೆ ಸಾಗಿಸುವುದು) ಹಾಕಿ ಅಂದಿದ್ದಾರೆ. ಸಿಸ್ಕೊ ರೂಟರ್‌ಗಳಲ್ಲಿ ಅದು ನನಗೆ ವರ್ಷಗಟ್ಟಲೆ ಚೆನ್ನಾಗಿ ಓಡಿದೆ, ಹಳೆಯ ಎಸ್‌ಡಿಎಲ್‌ಸಿ ಸೀರಿಯಲ್ ಲೈನಿನ ಪೆಟ್ಟಿಗೆ ಇನ್ನೂ ಉಳಿದಿದ್ದರೆ ಸರಿ. ಎರಡೂ ಕಡೆ ವಿಟ್ಯಾಮ್ ಇರುವಾಗ ಯಾಕೆ? ಪೀರ್ ರೂಟರ್ ಬಿದ್ದರೆ ಸೆಷನ್ ಹೋಗುತ್ತದೆ, ಇಇ ಆದರೆ ಐಪಿ ಬೇರೆ ದಾರಿ ಹಿಡಿಯುತ್ತದೆ. ಮಾಡಿಯೇ ತೀರುತ್ತೇನೆ ಅಂದರೆ ಟೋಕನ್ ರಿಂಗ್ (ಹಳೆಯ ಲ್ಯಾನ್) ಮ್ಯಾಕ್ ವಿಳಾಸದ ಪ್ರತಿ ಬೈಟಿನ ಬಿಟ್‌ಗಳನ್ನು ತಿರುಗಿಸುವುದು ಮರೆಯಬೇಡಿ, 4000.3745.0001 ಈಥರ್ನೆಟ್‌ನಲ್ಲಿ 0200.ಇಸಿಎ2.0080 ಆಗುತ್ತದೆ.

ಇನ್ನೊಂದು, ನಿಮ್ಮ ಎಂಪಿಎಲ್‌ಎಸ್‌ನವರು (ಲಿಂಕ್ ಒದಗಿಸುವ ಕಂಪನಿ) ಟಾಸ್ ಬಿಟ್, ಅಂದರೆ ಪ್ಯಾಕೆಟ್‌ನ ಆದ್ಯತೆಯ ಗುರುತು, ಅಳಿಸುತ್ತಾರಾ ಕೇಳಿ. ಇಇ ತಾನೇ ಗುರುತು ಹಾಕಿ ಕಳಿಸುತ್ತದೆ, ಅವರು ಎಲ್ಲವನ್ನೂ ಸೊನ್ನೆ ಮಾಡಿದರೆ ಬ್ಯಾಚ್ ಓಡುವಾಗ ಸ್ಕ್ರೀನ್ ಒದ್ದಾಡುತ್ತದೆ. ಐಪಿಸೆಕ್ (ಗೂಢಲಿಪಿ) ಟನಲ್ ಇದ್ದರೆ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಬಿಡಬೇಡಿ, ಇಳಿಸಿ.

ಇಇಡಯಾಗ್ ಔಟ್‌ಪುಟ್ ಬಂದ ಮೇಲೆ ಐಪಿ ಅಳಿಸಿ ಇಲ್ಲೇ ಹಾಕಿ, ನೋಡುತ್ತೇನೆ.