BC547 ಟ್ರಾನ್ಸಿಸ್ಟರ್‌ನಲ್ಲಿ ರಿಲೇ ಸರಿಯಾಗಿ ಎಳೆಯದಿದ್ದರೆ

ನೀವು 5 ವೋಲ್ಟ್ ಪಿನ್‌ನಿಂದ BC547ರ ಬೇಸ್‌ಗೆ (ಟ್ರಾನ್ಸಿಸ್ಟರ್ ಅನ್ನು ಆನ್ ಮಾಡೋ ಕಾಲು) 47 ಕಿಲೋ ಓಮ್ ರೆಸಿಸ್ಟರ್ ಹಾಕಿದ್ದೀರಿ. 12 ವೋಲ್ಟ್ ರಿಲೇ (ಕಾಯಿಲ್‌ನ ಕಾಂತ ಎಳೆದು ಆನ್ ಮಾಡೋ ಸ್ವಿಚ್) ಒಮ್ಮೆ ಎಳೆಯುತ್ತೆ, ಒಮ್ಮೆ ಇಲ್ಲ, ಟ್ರಾನ್ಸಿಸ್ಟರ್ ಬೆಚ್ಚಗಾಗುತ್ತೆ ಅಂತ ಕೇಳಿದ್ದೀರಿ. ಟ್ರಾನ್ಸಿಸ್ಟರ್ ಕೆಟ್ಟಿಲ್ಲ, ಬೇಸ್ ಕರೆಂಟ್ ಸಾಲ್ತಿಲ್ಲ.

ನಿಮ್ಮ ರಿಲೇ ಕಾಯಿಲ್ 400 ಓಮ್ ಅಂದಿರಿ. ಅಂದರೆ ಅದಕ್ಕೆ 30 ಮಿಲಿಆಂಪ್ ಬೇಕು. ಬೇಸ್-ಎಮಿಟರ್ ನಡುವೆ 0.7 ವೋಲ್ಟ್ ಕಳೆದುಹೋಗುತ್ತೆ, ಹಾಗಾಗಿ ಬೇಸ್‌ಗೆ ಈಗ ಹೋಗ್ತಿರೋದು (5 − 0.7) ÷ 47,000, ಅಂದರೆ 0.09 ಮಿಲಿಆಂಪ್. ಗೇನ್ (ಬೇಸ್ ಕರೆಂಟ್ ಎಷ್ಟು ಪಟ್ಟು ಹೆಚ್ಚುತ್ತೆ ಅನ್ನೋದು) 200 ಅಂದುಕೊಂಡರೂ ಕಾಯಿಲ್ ಸೇರಿರೋ ಕಲೆಕ್ಟರ್ ಕಾಲಿನಲ್ಲಿ 18 ಮಿಲಿಆಂಪ್ ಅಷ್ಟೇ. ಕಾಯಿಲ್‌ಗೆ ಸಿಗೋದು 7 ವೋಲ್ಟ್ ಚಿಲ್ಲರೆ. ಉಳಿದದ್ದು ಟ್ರಾನ್ಸಿಸ್ಟರ್ ಮೇಲೇ ಬೀಳುತ್ತೆ, ಅದು ಬೆಚ್ಚಗಾಗೋದು ಅದರಿಂದಲೇ. ಮಲ್ಟಿಮೀಟರ್‌ನಿಂದ ಕಲೆಕ್ಟರ್-ಎಮಿಟರ್ ನಡುವೆ ಅಳೆದು ನೋಡಿ. ಪೂರ್ತಿ ಆನ್ ಆಗಿದ್ದರೆ 0.2 ವೋಲ್ಟ್ ಆಸುಪಾಸು ಇರಬೇಕು.

ಸ್ವಿಚ್ ಆಗಿ ಬಳಸುವಾಗ ಡೇಟಾಶೀಟ್‌ನ (ತಯಾರಕರ ಮಾಹಿತಿ ಹಾಳೆ) ಗೇನ್ ನಂಬಬೇಡಿ. ಗೇನ್ ಬರೀ 10 ಅಂತ ಲೆಕ್ಕ ಹಾಕಿ. ಆಗ ಬೇಸ್‌ಗೆ 3 ಮಿಲಿಆಂಪ್ ಬೇಕು, ಅಂದರೆ 1.4 ಕಿಲೋ ಓಮ್. ಸುಮ್ನೆ 1 ಕಿಲೋ ಹಾಕಿಬಿಡಿ. ಪಿನ್‌ನಿಂದ 4.3 ಮಿಲಿಆಂಪ್ ಹೋಗುತ್ತೆ, ಅದೇನೂ ಜಾಸ್ತಿ ಅಲ್ಲ.

ನೀವು ಕಳಿಸಿದ ಚಿತ್ರದಲ್ಲಿ ಡಯೋಡ್ (ಕರೆಂಟ್ ಒಂದೇ ದಿಕ್ಕಿಗೆ ಬಿಡೋ ಭಾಗ) ಕಾಣಲಿಲ್ಲ. ದಯವಿಟ್ಟು ಅದಿಲ್ಲದೆ ಓಡಿಸಬೇಡಿ. ರಿಲೇ ಆಫ್ ಆದ ಕ್ಷಣ ಕಾಯಿಲ್ ನೂರಾರು ವೋಲ್ಟ್ ಚಿಮ್ಮಿಸಬಹುದು, BC547 ತಡೆಯೋದು 45 ವೋಲ್ಟ್. 1N4007 ಡಯೋಡ್ ಅನ್ನು ಕಾಯಿಲ್‌ನ ಎರಡು ತುದಿಗಳ ನಡುವೆ, ಬಿಳಿ ಪಟ್ಟಿ ಇರುವ ತುದಿ 12 ವೋಲ್ಟ್ ಕಡೆ ಬರುವಂತೆ ಬೆಸುಗೆ ಹಾಕಿ. ತಿರುಗಿಸಿ ಹಾಕಿದರೆ ಟ್ರಾನ್ಸಿಸ್ಟರ್ ಆನ್ ಆದ ತಕ್ಷಣ ಶಾರ್ಟ್.

ಕೊನೆಯದಾಗಿ, 5 ಮತ್ತು 12 ವೋಲ್ಟ್ ಎರಡೂ ಸಪ್ಲೈಗಳ ಗ್ರೌಂಡ್ (ಮೈನಸ್ ತಂತಿ) ಸೇರಿಸಿದ್ದೀರಿ ಅಲ್ವಾ?