ಟೊಂಕ ಹಿಡದೈತ್ರಿ, ಮಗ್ಗಾ ಬಿಡಬೇಕೇನು?

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಮಸ್ಕಾರ್ರಿ. ನಾ ಗುಳೇದಗುಡ್ಡದಾಂವ, ವಯಸ್ಸು 43, ಹುಡುಗ ಇದ್ದಾಗಿಂದ ಕುಣಿಮಗ್ಗದಾಗ ಖಣಾ ನೇಯ್ತೇನಿ. ಹ್ವಾದ ದೀಪಾವಳಿ ಮುಂದ ಟೊಂಕ ಹಿಡೀತು, ಎರಡ ದಿನದಾಗ ಬಿಡ್ತೈತಿ ಅಂತ ಸುಮ್ನಿದ್ದೆ, ಬಿಡ್ಲಿಲ್ಲ, ಈಗ ಎಂಟ ತಿಂಗಳಾತು. ಮುಂಜಾನೆ ಗ್ವಾಡಿ ಹಿಡಕೊಂಡ ಏಳಬೇಕು. ಬಲಗಾಲಾಗ ಕುಂಡಿಯಿಂದ ಹಿಮ್ಮಡದ ತನಕ ಕರೆಂಟ್ ಹೊಡದಂಗ ಸೆಳಿತೈತಿ, ಕುತಿಗಿನೂ ಬಿಗದೈತಿ. ಉಳುಕು ತೆಗಿಯೋರ ಕಡೆ ಹೋದ್ವಿ, ಕಾಲ ಮುಂದಾಗಿ ಹುಟ್ಟಿದ ನಮ್ಮ ಓಣಿ ಹುಡುಗನ ಕಡಿಂದ ಮೂರ ಸಲ ಒದಿಸ್ಕೊಂಡೂ ನೋಡಿದ್ವಿ. ಮೆಡಿಕಲ್ ಶಾಪಿನ್ಯಾಗ ಮೂರ ಬಣ್ಣದ ಗುಳಿಗಿ ಪಾಕೀಟ್ ಕಟ್ಟಿ ಕೊಡ್ತಾರ, ತಗೊಂಡ ದಿನ ಆರಾಮ, ಬಿಟ್ಟ ದಿನ ಮತ್ತ ಅದ. ಕಡೀಕ ಒಬ್ರು ಎಂಆರ್‌ಐ ಮಾಡ್ಸಿ, ಎರಡ ಡಿಸ್ಕ್ ಉಬ್ಬ್ಯಾವು, ಆಪರೇಶನ್ ಮಾಡಸ್ಕೊಳ್ರಿ ಇಲ್ಲಂದ್ರ ಕಾಲ ಹೋಗ್ತಾವು ಅಂದ್ರು, ನನ್ನ ಮೈ ಮುಟ್ಟಿ ಸುದ್ದಾ ನೋಡ್ಲಿಲ್ಲ. ಮನ್ಯಾಗ ಎಲ್ಲಾರೂ ಅಂಜ್ಯಾರ. ಯಾರ ಕಡೆ ಹೋಗ್ಲಿ?

ಉತ್ತರ: ಅಣ್ಣಾರ, ನಿಮ್ಮ ಪತ್ರಾ ಓದಿ ನನಗ ಸಿಟ್ಟ ಬಂದದ್ದು ಒದಿಸ್ಕೊಂಡದ್ದಕ್ಕಲ್ಲ (ಅದೂ ಇನ್ನ ಸಾಕ್ರಿ, ನರ ಒತ್ತಿದ ಟೊಂಕಕ್ಕ ಒದೀಸ್ಕೊಂಡ್ರ ಇದ್ದದ್ದೂ ಕೆಡ್ತೈತಿ), ಮೈ ಮುಟ್ಟಿ ನೋಡದ ಆಪರೇಶನ್ ಮಾತ ಎತ್ತಿದ್ರಲ್ಲ, ಅದಕ್ಕ. ಯಾವ ಬ್ಯಾನಿನೂ ಇಲ್ಲದ 40 ವರ್ಷದ ಮಂದೀನ ಹಿಡದು ಎಂಆರ್‌ಐ ಮಾಡಿದ್ರ ಹತ್ತತ್ರ ಅರ್ಧಾ ಮಂದಿಗೆ ಡಿಸ್ಕ್ (ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತನ ಗಾದಿ) ಉಬ್ಬಿದ್ದು ಕಾಣ್ತೈತಿ, ತಲಿಕೂದಲಾ ಬೆಳ್ಳಗಾದಂಗ ಅದು. ಫಿಲ್ಮಿನ್ಯಾಗ ಕಂಡದ್ದಕ್ಕೂ ಕಾಲಾಗಿನ ಸೆಳತಕ್ಕೂ ತಾಳ ಆಗ್ತೈತೋ ಇಲ್ಲೋ ಅನ್ನೋದನ್ನ ಡಾಕ್ಟರ್ ಕೈಯಿಂದ ನೋಡಬೇಕು.

ಹೆಂಗ ಅಂದ್ರ, ಮಂಚದ ಮ್ಯಾಲ ಅಂಗಾತ ಮಲಗಿಸಿ ಮಣಕಾಲ ಮಡಚದ ಕಾಲ ಎತ್ತತಾರ, ಅರ್ಧಾ ಎತ್ತೂದ್ರೊಳಗ ಆ ಕರೆಂಟ್ ಸೆಳತ ಬಂತಂದ್ರ ನರ ಒತ್ತಿರಬೇಕು ಅಂತ ಅನುಮಾನ. ಆಮ್ಯಾಲ ಕಾಲಿನ ಹೆಬ್ಬಟ್ಟ ಮ್ಯಾಲ ಎತ್ತಸ್ತಾರ, ತುದಿಗಾಲ ಮ್ಯಾಲ ನಡಸ್ತಾರ, ಹಿಮ್ಮಡದ ಮ್ಯಾಲ ನಡಸ್ತಾರ. ಇದನ್ನ ನೀವೂ ಇವತ್ತ ಮನ್ಯಾಗ ಗ್ವಾಡಿ ಹಿಡಕೊಂಡು ಮಾಡಿ ನೋಡ್ರಿ. ಎರಡೂ ಕಾಲು ಒಂದ ನಮೂನಿ ಕೆಲಸ ಮಾಡಿದ್ರ ಗಾಬರಿ ಬ್ಯಾಡ. ಬಲಗಾಲ ಸೋತು ಪಾದ ಎಳ್ಯಾಕತ್ತಿದ್ರ ಮಾತ್ರ ತಡಾ ಮಾಡಬ್ಯಾಡ್ರಿ, ಲಗೂನ ತೋರಸ್ರಿ. ಒಂದಕ್ಕ ಬಂದದ್ದು ಗೊತ್ತಾಗಲಾರದಂಗ ಆತು, ಇಲ್ಲಾ ಕಟ್ಟಿ ನಿಂತಿತು, ತೊಡಿ ಸಂದಿ ಜೋಮು ಹಿಡೀತು ಅಂದ್ರ ರಾತ್ರಿ ಎರಡ ಗಂಟೆ ಆಗಿದ್ರೂ ಗಾಡಿ ಮಾಡ್ಕೊಂಡ ದೊಡ್ಡ ದವಾಖಾನಿಗೆ ಹೋಗಬೇಕು, ಅಲ್ಲಿ ತಾಸಿನ ಲೆಕ್ಕ.

ಇನ್ನೊಂದು, ಸಂಜೀಮುಂದ ಸಣ್ಣ ಜ್ವರ ಬರತೈತೇನು? ತೂಕ ಇಳದೈತೇನು? ಮಲಗಿದ್ರೂ ಬ್ಯಾನಿ ಕಡಿಮಿ ಆಗಂಗಿಲ್ಲೇನು? ಇದನ್ನ ನೀವು ಬರದಿಲ್ಲ. ಹಂಗಿದ್ರ ಬೆನ್ನೆಲುಬಿನ ಟಿಬಿ ಐತೋ ಏನೋ ಅಂತ ಮೊದಲ ನೋಡಬೇಕು, ನಮ್ಮ ಕಡೆ ಅದು ಅಪರೂಪಲ್ಲ, ಟಿಬಿ ಔಷಧಾ ಸರಕಾರಿ ದವಾಖಾನ್ಯಾಗ ಪುಕ್ಕಟ ಸಿಗ್ತೈತಿ.

ಹೋಗೂದೆಲ್ಲಿ ಅಂದ್ರ, ಬಾಗಲಕೋಟಿ ಜಿಲ್ಲಾ ಆಸ್ಪತ್ರಿ ಎಲುಬಿನ ವಿಭಾಗಕ್ಕ ಹೋಗ್ರಿ, ಅಲ್ಲೇ ಫಿಜಿಯೋಥೆರಪಿನೂ ಕೇಳ್ರಿ. ಎಂಆರ್‌ಐ ಫಿಲ್ಮ್ ಒಯ್ಯಾಕ ಮರಿಬ್ಯಾಡ್ರಿ, ಆ ಬಣ್ಣದ ಗುಳಿಗಿ ಪಾಕೀಟೂ ಒಯ್ರಿ. ಯಾಕಂದ್ರ ಅಂಥಾ ಪಾಕೀಟಿನ್ಯಾಗ ಹೆಚ್ಚಾಗಿ ಡೈಕ್ಲೋಫೆನಾಕ್ ಅನ್ನೋ ಬ್ಯಾನಿ ಗುಳಿಗಿ ಇರತೈತಿ, ಕೆಲವು ಕಡೆ ಸ್ಟಿರಾಯ್ಡೂ ಸೇರಸಿರ್ತಾರ, ತಿಂಗಳಾನುಗಟ್ಟಲೆ ನುಂಗಿದ್ರ ಹೊಟ್ಯಾಗ ಹುಣ್ಣು, ಬಿಪಿ, ಕಿಡ್ನಿ ಎಲ್ಲಾ ಕೆಡ್ತಾವು. ಸ್ಟಿರಾಯ್ಡ್ ಇದ್ರ ಒಮ್ಮಿಂದೊಮ್ಮೆ ಬಿಡೂದೂ ಅಪಾಯ, ಅದಕ್ಕ ಡಾಕ್ಟರಿಗೆ ತೋರ್ಸಿ ಬಿಡ್ರಿ. ಬಿಪಿ, ಸಕ್ಕರಿ, ಕಿಡ್ನಿ ಟೆಸ್ಟ್ ಒಮ್ಮೆ ಮಾಡಸ್ಕೊಳ್ರಿ. ನಾಳೆ ಖರೇನ ಆಪರೇಶನ್ ಬೇಕ ಅಂದ್ರೂ ಇನ್ನೊಬ್ರು ಡಾಕ್ಟರ್ ಮಾತ ಕೇಳ್ರಿ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಮನಿಗೆ ವರ್ಷಕ್ಕ 5 ಲಕ್ಷದ ತನಕ ಐತಿ, ಆದ್ರ ಸರಕಾರಿ ಆಸ್ಪತ್ರಿಯಿಂದ ರೆಫರ್ ಚೀಟಿ ಬೇಕಾಗ್ತೈತಿ.

ಮಗ್ಗಾ ಬಿಡಬ್ಯಾಡ್ರಿ. ಹೊಟ್ಟಿಪಾಡ ಬಿಟ್ಟು ಹಾಸಿಗಿ ಹಿಡದವರ ಟೊಂಕ ಇನ್ನೂ ಬಿಗೀತೈತಿ, ಹಳೇ ಕಾಲದಾಗ ನಾವ ಡಾಕ್ಟರ್ ಮಂದೀನ ರೆಸ್ಟ್ ರೆಸ್ಟ್ ಅಂತ ಹೇಳಿ ಕೆಡಿಸಿದ್ವಿ. ಕುಂದ್ರೂ ರೀತಿ ಬದಲಿ ಮಾಡ್ರಿ. ಕುಣಿ ದಂಡಿ ಮ್ಯಾಲ ಕೌದಿ ಮಡಚಿ ಹಾಕ್ರಿ, ಹಿಂದ ಎತ್ತರ ಮುಂದ ಇಳಿಜಾರು, ಮಣಕಾಲಕಿಂತ ಟೊಂಕ ಮ್ಯಾಲ ಇರಬೇಕು. ಬಲ್ಬು ನಿಮ್ಮ ಬೆನ್ನಹಿಂದ ಇದ್ರ ನಿಮ್ಮ ನೆಳ್ಳ ಬಟ್ಟಿ ಮ್ಯಾಲ ಬೀಳ್ತೈತಿ, ಎಳಿ ಕಾಣವಲ್ವು ಅಂತ ಕುತಿಗಿ ಬಗ್ಗಸ್ತೀರಿ, ಬಲ್ಬು ಬಾಜೂಕ ತರ್ರಿ, ಅರ್ಧಾ ಕುತಿಗಿ ಬ್ಯಾನಿ ಅಲ್ಲೇ ಇರಬೇಕು ಅಂತ ನನಗ ಅನಸ್ತೈತಿ. ಅಲಾರಾಂ ಇಟ್ಕೋರಿ ಅಂದ್ರ ನೀವು ಇಡೂದಿಲ್ಲ, ನಾಕ ಕಂಡಿಕಿ (ಲಾಳಿಯೊಳಗಿನ ನೂಲಿನ ಸುರುಳಿ) ತೀರಿದ್ವು ಅಂದ್ರ ಕುಣಿ ಬಿಟ್ಟ ಮ್ಯಾಲ ಬರ್ರಿ, ಟೊಂಕದ ಮ್ಯಾಲ ಎರಡೂ ಕೈ ಇಟ್ಟು ಹಿಂದಕ ಬಾಗಿ, ಅಂಗಳದಾಗ ಒಂದ ಸುತ್ತ ಹಾಕಿ ಮತ್ತ ಇಳೀರಿ.

ಡಾಕ್ಟರ್ ನೋಡಿ ಹೂಂ ಅಂದಮ್ಯಾಲ ಒಂದ ವ್ಯಾಯಾಮ: ಬೋರಲ ಮಲಗಿ ಮೊಣಕೈ ಊರಿ ಎದಿ ಎತ್ತಿ ಹಾವಿನಂಗ ನೋಡೂದು, ಹತ್ತ ಸಲ. ಕಾಲಾಗಿನ ಬ್ಯಾನಿ ಮ್ಯಾಲ ಟೊಂಕದ ಕಡೆ ಸರದ್ರ ಚೊಲೋ ಲಕ್ಷಣ, ಟೊಂಕ ಜರಾ ಹೆಚ್ಚ ನೂಸಿದ್ರೂ ಸೈ. ಕೆಳಗ ಪಾದದ ಕಡೆ ಇಳದ್ರ ಅಲ್ಲೇ ನಿಲ್ಲಸ್ರಿ.

ಪ್ರಶ್ನೆ: ನಾ ವಿಜಯಪುರದಾಕಿ, 52 ವರ್ಷ, ಬ್ಲೌಸ್ ಹೊಲಿತೇನ್ರಿ. ಕುತಿಗಿ ಬ್ಯಾನಿಗೆ ಆರ ತಿಂಗಳಿಂದ ಪಟ್ಟಾ ಹಾಕ್ಕೊಂಡೇನಿ. ಯಾವ ತಲದಿಂಬು ಚೊಲೋ? ಇತ್ತಿತ್ಲಾಗ ಹುಕ್ಸ್ ಹಚ್ಚುವಾಗ ಸೂಜಿ ಕೈಯಾಗಿಂದ ಜಾರತೈತಿ, ನಡಿವಾಗ ಜೋಲಿ ಹೊಡದಂಗ ಆಗ್ತೈತಿ, ವಯಸ್ಸಾತೇನೋ.

ಉತ್ತರ: ಅಕ್ಕಾರ, ದಿಂಬಿನ ಮಾತ ಆಮ್ಯಾಲ ನೋಡೂಣು. ನೀವು ಕಡೀಕ ಸುಮ್ನ ಬರದೀರಲ್ಲ, ಸೂಜಿ ಜಾರೂದು ಜೋಲಿ ಹೊಡಿಯೂದು, ಅದ ನನಗ ದೊಡ್ಡ ಮಾತು. ಕುತಿಗಿ ಒಳಗ ಬೆನ್ನಹುರಿನ ಒತ್ತಿದ್ರ ಹಿಂಗ ಆಗ್ತೈತಿ, ವಯಸ್ಸಿನ ಮ್ಯಾಲ ಹಾಕಿ ಬಿಡೂದಲ್ಲ. ನೇಕಾರಣ್ಣಗ ಬರೇ ಸ್ಕ್ಯಾನ್ ನಂಬಬ್ಯಾಡ್ರಿ ಅಂದೆ, ನಿಮಗ ಅದ ಸ್ಕ್ಯಾನ್ ಲಗೂನ ಬೇಕಾಗಬಹುದು. ಕುತಿಗಿ ಯಾರ ಕಡಿಂದನೂ ತಿಕ್ಕಸಬ್ಯಾಡ್ರಿ, ಲಟಕ್ ಅನಸಬ್ಯಾಡ್ರಿ. ಪಟ್ಟಾನೂ ನಾಕ ದಿನದ ಮಟ್ಟಿಗಷ್ಟ, ಆರ ತಿಂಗಳ ಹಾಕ್ಕೊಂಡ್ರ ಕುತಿಗಿ ಸ್ನಾಯು ಸೋಲ್ತಾವು, ಅದನ್ನ ಬಿಡೂದ ಹೆಂಗ ಅಂತ ಡಾಕ್ಟರಿಗೇ ಕೇಳ್ರಿ. ಹುಕ್ಸ್ ಕೆಲಸ ಮಗಳ ಕೈಯಾಗ ಕೊಟ್ಟು ಈ ವಾರದಾಗ ನರರೋಗದ ಡಾಕ್ಟರಿಗೋ ಎಲುಬಿನ ಡಾಕ್ಟರಿಗೋ ತೋರಸ್ರಿ, ಹೋಗುವಾಗ ಒಬ್ಬಾಕಿನ ಹೋಗಬ್ಯಾಡ್ರಿ, ಜೋಡಿ ಯಾರನ್ನರ ಕರ್ಕೊಂಡ ಹೋಗ್ರಿ.